ರಾಜ್ಯಶಬ್ದ ಮತ್ತು ಬಲಗಡೆಯ ಮಣೆ

ವಾಗ್ದೇವಿಗೆ ಮೊದಲ ನಮಸ್ಕಾರ. ಹರಡಿದ ಅಕ್ಕಿಯ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ಬರೆಸಿದ ತಂದೆಗೆ, ಆ ಅಕ್ಷರಕ್ಕೆ ಅರ್ಥವುಂಟೆಂದು ತೋರಿಸಿಕೊಟ್ಟ ಗುರುಗಳಿಗೆ, ಅವರ ಮನೆಯಲ್ಲಿ ನನಗೂ ಒಂದು ಎಲೆ ಹಾಕಿ ಅನ್ನವಿಟ್ಟ ಗುರುಪತ್ನಿಯವರಿಗೆ ನಮಸ್ಕಾರ. ಶಿಕಾರಿಪುರದ ಆ ಹಿರಿಯ ವಿದ್ವಾಂಸರಿಗೂ ನಮಸ್ಕಾರ. ಅವರು ನನಗೆ ವಿದ್ಯೆ ಕೊಡಲಿಲ್ಲ, ಹಗೆ ಕೊಟ್ಟರು. ಆ ಹಗೆ ಇಲ್ಲದಿದ್ದರೆ ನಾನು ವ್ಯಾಕರಣವನ್ನು ಅಷ್ಟು ಶ್ರದ್ಧೆಯಿಂದ ಓದುತ್ತಿರಲಿಲ್ಲ. ಕೊಟ್ಟವರನ್ನು ನೆನೆಯಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಕೊಟ್ಟದ್ದು ಏನು ಎಂದು ನೋಡಿ ನೆನೆಯಬೇಕೆಂದು ಯಾರೂ ಹೇಳಿಲ್ಲ.

ಸೊರಬದ ಒಂದು ಸಣ್ಣ ಸಂಸ್ಕೃತ ಪಾಠಶಾಲೆಯಲ್ಲಿ ನಾನು ವ್ಯಾಕರಣ ಹೇಳುತ್ತಿದ್ದೆ. ನನಗಿಂತ ಮೊದಲು ಆ ಸ್ಥಾನದಲ್ಲಿ ನನ್ನ ಗುರುಗಳಿದ್ದರು. ಪ್ರತಿವರ್ಷ ರಾಮನವಮಿಯ ಉತ್ಸವದ ನಡುವೆ ಒಂದು ದಿನ ಶಿಕಾರಿಪುರದ ದೇವಸ್ಥಾನವೊಂದರ ಮಂಟಪದಲ್ಲಿ ವಿದ್ವಾಂಸರ ವಾದಸಭೆ ನಡೆಯುತ್ತಿತ್ತು. ಈ ಕಥನವೆಲ್ಲ ಆ ಸಭೆಯ ಪದ್ಧತಿಯ ಮೇಲೆ ನಿಂತಿರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ದೇವರ ಎದುರು ಎರಡು ಮಣೆಗಳು. ದೇವರ ಬಲಗಡೆಯ ಮಣೆ ಹಿರಿಯರದು, ಎಡಗಡೆಯದು ಕಿರಿಯರದು. ಚರ್ಚೆಗೆ ಒಂದು ಶಬ್ದವನ್ನು ಅಧ್ಯಕ್ಷರು ಮುಂಚಿತವಾಗಿ ಸಾರಿರುತ್ತಾರೆ. ಎಡಗಡೆ ಕುಳಿತವನು ತನಗೆ ಬೇಕಾದ ಒಂದು ಪಕ್ಷವನ್ನು ಹಿಡಿದು ವಾದ ಹೂಡುತ್ತಾನೆ. ಯಾವ ಪಕ್ಷ ಎಂಬುದು ಅವನು ಬಾಯಿ ತೆರೆಯುವವರೆಗೆ ಯಾರಿಗೂ ತಿಳಿಯಬಾರದು. ಬಲಗಡೆ ಕುಳಿತವರು ಅದನ್ನು ಖಂಡಿಸಿ ಸಿದ್ಧಾಂತ ಹೇಳಬೇಕು. ಅವರು 'ನನಗೂ ಇದೇ ಸಮ್ಮತ' ಎನ್ನುವಂತಿಲ್ಲ. ಹಾಗೆಂದರೆ ಎದ್ದು ಎಡಕ್ಕೆ ಬಂದು ಕುಳಿತುಕೊಳ್ಳಬೇಕು. ಸಿದ್ಧಾಂತ ಹೇಳುವ ಮೊದಲು ಇನ್ನೊಂದು ಮೆಟ್ಟಿಲಿದೆ. ಎದುರಾಳಿ ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಗೆಯಾಗುವಂತೆ ತಾವೇ ಒಮ್ಮೆ ಮರಳಿ ಹೇಳಬೇಕು. ಇದಕ್ಕೆ ನಾವು ಅನುವಾದ ಎನ್ನುತ್ತೇವೆ. 'ಸಮ್ಯಕ್', ಅಂದರೆ 'ಸರಿಯಾಗಿದೆ', ಎಂದು ಎದುರಾಳಿ ಹೇಳುವವರೆಗೆ ಮುಂದಿನ ಮಾತಿಲ್ಲ. ಅಲ್ಲಿಯವರೆಗೆ ಮಣೆ ಬಿಟ್ಟು ಏಳುವಂತಿಲ್ಲ, ನೀರು ಕುಡಿಯುವಂತಿಲ್ಲ. ಮಧ್ಯಾಹ್ನದ ನೈವೇದ್ಯದ ಗಂಟೆ ಬಾರಿಸಿದರೆ ಸಭೆ ಮುಗಿಯಿತು. ಅಷ್ಟರಲ್ಲಿ ಸಿದ್ಧಾಂತ ಹೇಳದವರು ನಿರುತ್ತರರು. ಮಾತೆಲ್ಲ ಸಂಸ್ಕೃತದಲ್ಲಿ. ಆದರೆ ಪ್ರತಿಯೊಂದು ಘಟ್ಟದ ಕೊನೆಯಲ್ಲಿ ಮಾತನಾಡಿದವರೇ ಭಕ್ತಾದಿಗಳಿಗಾಗಿ ಕನ್ನಡದಲ್ಲಿ ಸಾರ ಹೇಳಬೇಕು.

ಅರಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆ ಸಭೆಗೆ ಬಂದ ಶಬ್ದ 'ರಾಜ್ಯ'. ಬಲಗಡೆಯ ಮಣೆಯಲ್ಲಿ ನನ್ನ ಗುರುಗಳು. ಎಡಗಡೆ ಶಿಕಾರಿಪುರದ ಆ ವಿದ್ವಾಂಸರು, ಗುರುಗಳಿಗಿಂತ ಸ್ವಲ್ಪ ಕಿರಿಯರು, ಒಂದೇ ಗುರುವಿನ ಬಳಿ ಓದಿದ ಸಹಪಾಠಿ. ನಾನು ಗುರುಗಳ ಬೆನ್ನ ಹಿಂದೆ ಕುಳಿತಿದ್ದೆ.

ವಿಷಯ ಕಠಿಣವಲ್ಲ. 'ರಾಜನ್' ಎಂಬ ಶಬ್ದಕ್ಕೆ 'ಯ' ಎಂಬ ಪ್ರತ್ಯಯ ಸೇರಿ 'ರಾಜ್ಯ' ಆಗುತ್ತದೆ. ಆ ಪ್ರತ್ಯಯಕ್ಕೆ ಶಾಸ್ತ್ರ ಎರಡು ಅರ್ಥ ಕೊಟ್ಟಿದೆ: ಒಂದು ಭಾವ, ಇನ್ನೊಂದು ಕರ್ಮ. ರಾಜನಾಗಿರುವುದು ರಾಜ್ಯ, ರಾಜನ ಕೆಲಸವೂ ರಾಜ್ಯ. ಎರಡರಲ್ಲಿ ಯಾವುದು ಮುಖ್ಯ ಎಂಬುದೇ ವಾದ. ವಿದ್ವಾಂಸರು ಓದುವ ಕಾಲದಿಂದಲೂ ತಮ್ಮದಾಗಿದ್ದ ಭಾವದ ಪಕ್ಷವನ್ನೇ ಹಿಡಿದರು. ರಾಜನೆಂಬುದು 'ಬೆಳಗು' ಎಂಬ ಅರ್ಥದ ಧಾತುವಿನಿಂದ ಬಂದದ್ದು. ದೀಪ ಬೆಳಗುವುದಕ್ಕೆ ಎರಡನೆಯವರು ಬೇಡ. ದೀಪವಿದ್ದರೆ ಬೆಳಕು, ರಾಜನಿದ್ದರೆ ರಾಜ್ಯ ಎಂದರು. ಗುರುಗಳ ಮನಸ್ಸಿನಲ್ಲಿದ್ದುದು ಕರ್ಮದ ಪಕ್ಷ.

ಗುರುಗಳು ಅನುವಾದ ಹೇಳಿದರು. ವಿದ್ವಾಂಸರು 'ನ ಸಮ್ಯಕ್' ಎಂದರು, ಸರಿಯಿಲ್ಲವೆಂದು. ಗುರುಗಳು ಇನ್ನೊಮ್ಮೆ ಹೇಳಿದರು. 'ನ ಸಮ್ಯಕ್.' ಗುರುಗಳಿಗೆ ಉಬ್ಬಸವಿತ್ತು. ಪ್ರತಿಸಲವೂ ಕೆಮ್ಮು ತಡೆದುಕೊಂಡು ಮೊದಲಿನಿಂದ ಹೇಳಿದರು, ಒಂದಕ್ಷರ ಬಿಡದೆ ಹೇಳಿದರು, ಅದನ್ನು ನಾನೇ ಕೇಳಿದ್ದೇನೆ. ವಿದ್ವಾಂಸರು ಮುಖದ ಬೆವರನ್ನು ಉತ್ತರೀಯದಿಂದ ಒತ್ತಿಕೊಳ್ಳುತ್ತ ಅದೇ ಎರಡು ಮಾತು ಹೇಳುತ್ತಲೇ ಇದ್ದರು. ಕಂಬದ ಮರೆಯಿಂದ ಗುರುಪತ್ನಿ ನೀರಿನ ಚೊಂಬು ಹಿಡಿದು ಎದ್ದು ಬಂದರು.

"ಅನುವಾದ ಮುಗೀಲಿ ತಾಯಿ, ಆಮ್ಯಾಲೆ ನೀರು," ಎಂದರು ವಿದ್ವಾಂಸರು. "ಪದ್ಧತಿ ಪದ್ಧತೀನೇ."

ಆಕೆ ಚೊಂಬಿನೊಡನೆ ಅಲ್ಲಿಯೇ ನಿಂತುಬಿಟ್ಟರು. ನೈವೇದ್ಯದ ಗಂಟೆ ಬಾರಿಸಿತು. ಗುರುಗಳು ನಿರುತ್ತರರೆಂದು ಸಭೆ ಬರೆದುಕೊಂಡಿತು.

ಆ ಮಳೆಗಾಲ ಮುಗಿಯುವುದರೊಳಗೆ ಗುರುಗಳು ತೀರಿಕೊಂಡರು. ಅದಕ್ಕೆ ಕಾರಣ ಉಬ್ಬಸವೇ ಹೊರತು ಸಭೆಯಲ್ಲ. ಆದರೆ ಹಾಸಿಗೆ ಹಿಡಿದಿದ್ದಾಗ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು, ಆ ದಿನ ಹೇಳಬೇಕೆಂದಿದ್ದ ಸಿದ್ಧಾಂತವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮುಗಿಸಿ, "ಇದನ್ನು ಆ ಮಂಟಪದಲ್ಲಿ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು," ಎಂದರು. ಅಷ್ಟೇ. ಯಾರನ್ನೂ ಬೈಯಲಿಲ್ಲ. ಬೈಯುವ ಭಾಗವನ್ನು ನಾನು ವಹಿಸಿಕೊಂಡೆ.

ಅಂದಿನಿಂದ ಬಲಗಡೆಯ ಮಣೆ ಆ ವಿದ್ವಾಂಸರದಾಯಿತು. ನಮ್ಮ ಪಾಠಶಾಲೆಗೆ ಶಿಕಾರಿಪುರದಲ್ಲಿ 'ಕೆಮ್ಮಿನ ಪಾಠಶಾಲೆ' ಎಂಬ ಹೆಸರು ಬಿತ್ತು. ನಾನು ಅದನ್ನು ಕೇಳಿದಾಗಲೆಲ್ಲ ಕೈಮುಗಿದು ಮುಂದೆ ಹೋಗುತ್ತಿದ್ದೆ. ಸಂಧ್ಯಾವಂದನೆಯ ನಡುವೆಯೂ ಒಂದೊಂದು ಸಲ ನನ್ನ ನಾಲಿಗೆಯ ಮೇಲೆ ಗಾಯತ್ರಿಯ ಬದಲು 'ನ ಸಮ್ಯಕ್' ಬಂದು ನಿಲ್ಲುತ್ತಿತ್ತು. ಎಂದಾದರೂ ಆ ಮಂಟಪದಲ್ಲಿ ಅವರೆದುರು ಕುಳಿತು, ಅವರ ಗಂಟಲು ಒಣಗುವವರೆಗೆ ಆ ಎರಡು ಮಾತನ್ನು ಹೇಳಬೇಕೆಂಬುದು ನನ್ನ ಮೊದಲ ಸಂಕಲ್ಪ.

ಭಾಷೆಯ ಆಧಾರದಲ್ಲಿ ಗಡಿಗಳು ಬದಲಾದ ಮರುವರ್ಷ ಎಲ್ಲರ ಬಾಯಲ್ಲೂ 'ರಾಜ್ಯ' ಎಂಬ ಮಾತೇ. ಅರಸರಿಲ್ಲ, ರಾಜ್ಯ ಮಾತ್ರ ದೊಡ್ಡದಾಗಿದೆ ಎಂದು ಚಹದಂಗಡಿಯಲ್ಲಿ ನಗುತ್ತಿದ್ದರು. ನಾನು ಸಭೆಯ ಅಧ್ಯಕ್ಷರ ಮನೆಗೆ ಹೋದೆ. ಅವರು ವಯೋವೃದ್ಧರು, ಪಕ್ಷಪಾತವಿಲ್ಲದವರು. ಈ ವರ್ಷ ಮತ್ತೆ ರಾಜ್ಯಶಬ್ದವನ್ನೇ ಇಡಬೇಕು, ಎಡಗಡೆಯ ಮಣೆ ನನಗೆ ಕೊಡಬೇಕು ಎಂದು ಕೇಳಿಕೊಂಡೆ.

"ಹಳೇ ಹುಣ್ಣು ಕೆರೀತೀಯೇನಪ್ಪಾ?"

"ಹುಣ್ಣಲ್ಲ, ಸಂದೇಹ."

"ಸಂದೇಹಕ್ಕೆ ಹಿಂಗೆ ಕಣ್ಣು ಕೆಂಪಾಗೋದಿಲ್ಲ," ಎಂದು ನಕ್ಕು ಅವರು ಒಪ್ಪಿದರು.

ಸುದ್ದಿ ತಿಳಿದ ವಿದ್ವಾಂಸರು ಸಂತೋಷಪಟ್ಟರಂತೆ. ಶಿಷ್ಯನಾದವನು ತನ್ನ ಗುರುವಿನ ಪಕ್ಷವನ್ನೇ ಹೂಡುತ್ತಾನೆ, ಅಂದು ಅರ್ಧಕ್ಕೆ ನಿಂತದ್ದನ್ನು ಇಂದು ಪೂರ್ತಿ ಮುರಿಯಬಹುದು ಎಂದು ಅವರು ಸಿದ್ಧತೆಗೆ ಕುಳಿತರು. ಅದು ಸಹಜ. ನಮ್ಮಂಥವರಲ್ಲಿ ಯಾರೂ ಗುರುಪಕ್ಷ ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ. ನಾನು ಕೂಡ ಅಷ್ಟು ವರ್ಷ ಹಾಗೆಯೇ ಯೋಚಿಸಿದ್ದೆ. ಆದರೆ ಅಧ್ಯಕ್ಷರ ಮನೆಯ ಮೆಟ್ಟಿಲಿಳಿಯುವಾಗ ಬೇರೊಂದು ದಾರಿ ಕಂಡಿತು. ನಾನು ಗುರುಗಳ ಪಕ್ಷ ಹೂಡಿದರೆ ಅದನ್ನು ಖಂಡಿಸುವ ಅವಕಾಶ ಅವರದು, ಕೊನೆಯ ಮಾತೂ ಅವರದು. ಅವರ ಪಕ್ಷವನ್ನೇ ನಾನು ಹೂಡಿದರೆ? ಬಲಗಡೆ ಕುಳಿತವರು ಅದನ್ನು ಖಂಡಿಸಲೇಬೇಕು. ಭಾವಪಕ್ಷವನ್ನು ಖಂಡಿಸುವುದಕ್ಕೆ ಕರ್ಮಪಕ್ಷವಲ್ಲದೆ ಬೇರೆ ಆಯುಧವಿಲ್ಲ. ಅಂದರೆ ನನ್ನ ಗುರುಗಳಿಗೆ ಹೇಳಗೊಡದ ಮಾತನ್ನು, ಹೇಳಗೊಡದ ಬಾಯಿಂದಲೇ, ಅದೇ ಮಂಟಪದಲ್ಲಿ ಹೇಳಿಸಬಹುದು.

ಗುರುಪತ್ನಿಯವರಿಗೆ ವಯಸ್ಸಾಗುತ್ತಿತ್ತು. ಅವರ ಕಿವಿಗೆ ಅದು ಬೀಳಬೇಕು. ಅವರು ಇರುವಾಗಲೇ ಬೀಳಬೇಕು. ಇದು ನನ್ನ ಎರಡನೆಯ ಸಂಕಲ್ಪ.

ಅಭ್ಯಾಸಕ್ಕೆ ನಮ್ಮ ಪಾಠಶಾಲೆಯ ಸಾಹಿತ್ಯದ ಪಂಡಿತರನ್ನು ಎದುರು ಕೂರಿಸಿಕೊಂಡೆ. ಗುಟ್ಟು ಕಾಯುವವರು, ಆದರೆ ನಾಲಿಗೆ ಬಲು ಹರಿತ.

"ಅಲ್ಲ ಸ್ವಾಮಿ, ನಿಮ್ಮ ಗುರುಗಳ ಪಕ್ಷ ನಾನು ಹೇಳೋದು, ನೀವು ಅದನ್ನ ಹೊಡೆಯೋದು. ಇದು ಯಾವ ಸೀಮೆ ಶ್ರಾದ್ಧ ಮಾರಾಯ್ರೇ?"

"ಶ್ರಾದ್ಧವೇ. ಪಿಂಡ ಇಡುವ ಕೈ ಮಾತ್ರ ಬೇರೆಯವರದು."

ಮೊದಲ ಕೆಲವು ದಿನ ನನ್ನಿಂದ ಆಗಲಿಲ್ಲ. ಗುರುಗಳು ಪಾಠ ಹೇಳುತ್ತಿದ್ದ ಜಾಗಕ್ಕೆ ಎದುರಾಗಿ ಕುಳಿತು 'ಕರ್ಮಪಕ್ಷ ತುಚ್ಛ' ಎನ್ನಬೇಕಾದ ಕಡೆ ಮಾತು ಜಾರಿಸಿ ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತಿದ್ದೆ. ಅರೆಮನಸ್ಸಿನಿಂದ ಹೂಡಿದ ವಾದ ನನ್ನ ಉದ್ದೇಶಕ್ಕೇ ಕೇಡು. ದುರ್ಬಲವಾದದ್ದನ್ನು ಖಂಡಿಸಿದರೆ ಸಿದ್ಧಾಂತಕ್ಕೆ ಏನು ಗೌರವ? ಆದ್ದರಿಂದ ಗುರುಗಳ ಪಾದುಕೆಗೆ ನಮಸ್ಕರಿಸಿ, ತಪ್ಪುಗಾಣಿಕೆಯನ್ನು ಮೊದಲೇ ಇಟ್ಟು, ಶತ್ರುವಿನ ವಾದವನ್ನು ಶತ್ರುವಿಗಿಂತ ಚೆನ್ನಾಗಿ ಕಲಿಯಲು ತೊಡಗಿದೆ. ಅಂದು ಬೆನ್ನ ಹಿಂದೆ ಕುಳಿತು ಕೇಳಿದ ಪ್ರತಿಯೊಂದು ವಾಕ್ಯವೂ ನೆನಪಿತ್ತು. ಹಗೆಯಿಂದ ಕಲಿತದ್ದು ಮರೆಯುವುದಿಲ್ಲ. ಅವರು ಬಿಟ್ಟಿದ್ದ ಬಿರುಕುಗಳನ್ನು ನಾನೇ ಮುಚ್ಚಿದೆ. ಗುರುಗಳ ಪಕ್ಷಕ್ಕೆ ಬಲವಾದ ಆಧಾರವೊಂದಿತ್ತು: 'ರಾಜನ್ಯ' ಎಂಬ ಶಬ್ದ ವಂಶವನ್ನು ಹೇಳುತ್ತದೆ, ಅಲ್ಲಿ ರಾಜನ್ ಪೂರ್ತಿಯಾಗಿ ಉಳಿಯುತ್ತಾನೆ; 'ರಾಜ್ಯ' ಎಂಬಲ್ಲಿ ಅವನ ಕೊನೆಯ ಭಾಗ ಅಳಿದುಹೋಗುತ್ತದೆ; ಕೆಲಸದ ಮಾತು ಬಂದಾಗ ಮನುಷ್ಯ ಹಿಂದೆ ಸರಿಯಬೇಕೆಂಬುದಕ್ಕೆ ಶಬ್ದವೇ ಸಾಕ್ಷಿ. ಇದಕ್ಕೆ ನಾನು ಆಕ್ಷೇಪ ಕಟ್ಟಿದೆ: ಭಾವದ ಅರ್ಥದಲ್ಲಿಯೂ ಅದೇ ಅಳಿವಿದೆಯಲ್ಲ, ಹಾಗಾದರೆ ಈ ಸಾಕ್ಷಿ ಎರಡೂ ಕಡೆಯದಲ್ಲವೇ?

ಪಂಡಿತರು ಪುಸ್ತಕ ಮಡಚಿಟ್ಟರು. "ಚೆನ್ನಾಗಿ ಕಟ್ಟಿದೀರಿ. ಇಷ್ಟು ಚೆನ್ನಾಗಿ ಕಟ್ಟಬಾರದಿತ್ತು. ಈಗ ಒಂದು ಮಾತು ಹೇಳಿ. ಅವರು ಬೇಕಂತಲೇ ಸೋತುಬಿಟ್ರೆ?"

ಅದೇ ನನ್ನ ನಿದ್ದೆಗೆಡಿಸಿದ್ದ ಮಾತು. ಅವರು ಸೋಲನ್ನೊಪ್ಪಿದರೆ ಗೆಲ್ಲುವುದು ಅವರ ಪಕ್ಷವೇ. ನನ್ನ ಗುರುಗಳ ಮತ ಎರಡನೆಯ ಸಲ ಸೋಲುತ್ತದೆ, ಅದೂ ಶಿಷ್ಯನ ಬಾಯಿಂದ.

"ಅವರು ಸೋಲುವವರಲ್ಲ," ಎಂದೆ. "ಅವರ ವಿದ್ಯೆಯ ಮೇಲೆ ನನಗೆ ನಂಬಿಕೆ ಇದೆ. ಅಹಂಕಾರದ ಮೇಲೆ ಇನ್ನೂ ಹೆಚ್ಚು."

"ದೇವರ ಮೇಲೆ?"

"ಗಂಟೆ ಸಾವಕಾಶವಾಗಿ ಬಾರಿಸಲಿ ಎಂಬಷ್ಟು."

ಗುರುಪತ್ನಿ ಆಗ ಸೊರಬದಲ್ಲಿಯೇ ಅಣ್ಣನ ಮನೆಯಲ್ಲಿದ್ದರು. ನನ್ನ ತಲೆಯಲ್ಲಿ ನರೆ ಬಂದಿದ್ದರೂ ಅವರಿಗೆ ನಾನು ಮಾಣಿಯೇ. ಶಿಕಾರಿಪುರಕ್ಕೆ ಬರಬೇಕೆಂದು ಕರೆದೆ.

"ಎಂತಕ್ಕೆ ಮಾಣಿ? ಅವತ್ತು ಕೇಳಿದ್ದೇ ಸಾಕಾಗಿದೆ ನಂಗೆ. ಆ ಮಂಟಪದ ಕಲ್ಲು ಕಂಡ್ರೆ ಈಗ್ಲೂ ಎದೆ ಉರೀತದೆ."

"ಒಮ್ಮೆ ಬನ್ನಿ ಅಮ್ಮ. ಮುಗಿಯುವವರೆಗೆ ಕೂತುಕೊಳ್ಳಿ. ನಡುವೆ ಏಳಬೇಡಿ."

"ನೀನು ಅವ್ರ ಮಾತು ಹೇಳ್ತೀಯಾ?"

ಪದ್ಧತಿಯಂತೆ ಪಕ್ಷವನ್ನು ಹೇಳುವಂತಿಲ್ಲ. "ಅವರ ಮಾತು ಕೇಳಿಸುತ್ತದೆ," ಎಂದಷ್ಟೇ ಹೇಳಿದೆ. ಆಕೆ ಒಳಗೆ ಹೋಗಿ ಮಡಿಯ ಚೊಂಬನ್ನು ಬೆಳಗಿ ತಂದಿಟ್ಟರು. ಬೇರೆಯವರ ಮನೆಯ ನೀರು ಮುಟ್ಟುವವರಲ್ಲವಾದ್ದರಿಂದ ಎಲ್ಲಿಗೆ ಹೋದರೂ ಆ ಚೊಂಬು ಜೊತೆಗೆ.

ಸೊರಬದಿಂದ ಹೊರಟ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಸಂತೆಯ ದಿನ. "ಶಿಕಾರಿಪುರಕ್ಕೆ ಹೋಗೋರು ಇಳೀರಿ, ಗಾಡಿ ಅಲ್ಲಿ ನಿಂತೈತಿ," ಎಂದು ಕಂಡಕ್ಟರು ಕೂಗಿದ. ಇಳಿದು ನಿಂತಾಗ ಪರಿಚಯದ ಜವಳಿ ವ್ಯಾಪಾರಿಯೊಬ್ಬರು ಎದುರಾದರು. ವಿದ್ವಾಂಸರ ಪ್ರವಚನಕ್ಕೆ ತಪ್ಪದೆ ಹೋಗುವವರು.

"ಏನ್ರೀ ಶಾಸ್ತ್ರಿಗಳೇ, ಈ ಸಲ ಕೆಮ್ಮಿನ ಗುಳಿಗಿ ತಂದೀರೋ ಇಲ್ಲೋ?"

ಆಕೆ ನನ್ನ ಪಕ್ಕದಲ್ಲಿಯೇ ಇದ್ದರು. ಸೆರಗು ತಲೆಯ ಮೇಲೆಳೆದುಕೊಂಡು ಬೇರೆ ಕಡೆ ನೋಡಿದರು. ನಾನು ಎಂದಿನಂತೆ ಕೈಮುಗಿದೆ. ನನ್ನಲ್ಲಿ ಇನ್ನೂ ಸ್ವಲ್ಪ ಅಳುಕು ಉಳಿದಿತ್ತು. ಅದು ಆ ಸಂತೆಯಲ್ಲಿಯೇ ಖರ್ಚಾಯಿತು.

ಮಂಟಪ ತುಂಬಿತ್ತು. ವಿದ್ವಾಂಸರು ಬಲಗಡೆಯ ಮಣೆಯಲ್ಲಿ ಜರಿಯ ಶಾಲು ಹೊದ್ದು ಕುಳಿತಿದ್ದರು. ವಯಸ್ಸು ಅವರನ್ನು ಬಗ್ಗಿಸಿರಲಿಲ್ಲ. ನಾನು ಸಾಷ್ಟಾಂಗ ಮಾಡಿ ಎಡಗಡೆ ಕುಳಿತೆ.

"ಬಾರಯ್ಯಾ," ಎಂದರು ಮೆಲ್ಲಗೆ. "ನಿನ್ನ ಎದೆಗೂಡು ಗಟ್ಟಿ ಐತಿ ತಾನೇ?"

"ತಮ್ಮ ಆಶೀರ್ವಾದ."

ಅಧ್ಯಕ್ಷರು ಶಬ್ದವನ್ನು ಸಾರಿದರು. ನಾನು ಕಣ್ಣು ಮುಚ್ಚಿ ಗುರುಗಳನ್ನು ನೆನೆದು ಬಾಯಿ ತೆರೆದೆ. ಮೊದಲ ವಾಕ್ಯ ಅವರ ಅಂದಿನ ಮೊದಲ ವಾಕ್ಯವೇ ಆಗಿತ್ತು. ಎರಡನೆಯದೂ. ಮೂರನೆಯದಕ್ಕೆ ಬರುವಷ್ಟರಲ್ಲಿ ವಿದ್ವಾಂಸರ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ನಾನು ನಿಲ್ಲಲಿಲ್ಲ. ದೀಪದ ದೃಷ್ಟಾಂತವನ್ನು ಅವರದೇ ಧಾಟಿಯಲ್ಲಿ ಹೇಳಿದೆ. ಅವರು ಮುಚ್ಚದೆ ಬಿಟ್ಟಿದ್ದ ಬಿರುಕುಗಳನ್ನೆಲ್ಲ ಮುಚ್ಚಿದ ಪಕ್ಷವನ್ನು ಅವರ ಮುಂದೆ ಎಲೆಯಲ್ಲಿ ಬಡಿಸಿದಂತೆ ಬಡಿಸಿದೆ. ಕೊನೆಗೆ ಕನ್ನಡದಲ್ಲಿ ಸಾರ ಹೇಳಿದೆ:

"ದೀಪ ಆರಿದ ಮೇಲೆ ಬೆಳಕಿಲ್ಲ. ಅರಸರು ಹೋದ ಮೇಲೆ ರಾಜ್ಯವಿಲ್ಲ. ಈಗ ಪತ್ರಿಕೆಯಲ್ಲಿ ಅಚ್ಚಾಗುವ ರಾಜ್ಯ ಎಂಬುದು ಅರ್ಥ ಹೋದ ಬರಿಯ ಸದ್ದು. ರಾಜ್ಯವೆಂದರೆ ಕೆಲಸ ಎನ್ನುವವರು ಶಬ್ದವನ್ನೂ ಅರಿಯರು, ಅರಸನನ್ನೂ ಅರಿಯರು."

ಕಂಬದ ಮರೆಯಲ್ಲಿ ಸೀರೆಯ ಸದ್ದಾಯಿತು. ಗುರುಪತ್ನಿ ಎದ್ದು ನಿಂತಿದ್ದರು. ನನ್ನ ಕಡೆ ನೋಡಿದ ಆ ನೋಟವನ್ನು ನಾನು ವರ್ಣಿಸಲಾರೆ. ಅನ್ನವಿಟ್ಟ ಕೈಗೇ ಕಚ್ಚಿದ ನಾಯಿಯನ್ನು ಹಾಗೆ ನೋಡುತ್ತಾರೆ. ಆಕೆ ಚೊಂಬು ಎತ್ತಿಕೊಂಡು ಬಾಗಿಲ ಕಡೆ ಹೊರಟರು. ಮಣೆ ಬಿಟ್ಟು ಏಳುವಂತಿಲ್ಲ, ಕೂಗಿ ಕರೆಯುವಂತಿಲ್ಲ. ನಾನು ಕುಳಿತೇ ಇದ್ದೆ.

ಸಭೆಗೆ ವಿಷಯ ತಿಳಿಯತೊಡಗಿತ್ತು. ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಇವ್ರದೇ ಪಕ್ಷ ಅಲ್ಲೇನ್ರೀ?" ಎಂದು ಹಿಂದಿನಿಂದ ಯಾರೋ ಎಂದರು. ವಿದ್ವಾಂಸರು ಅಧ್ಯಕ್ಷರ ಕಡೆ ತಿರುಗಿದರು.

"ಇದೇನಿದು? ಇವ ತನ್ನ ಗುರುವಿನ ಪಕ್ಷ ಬಿಟ್ಟಾನ."

"ಯಾವ ಪಕ್ಷನಾರ ಹಿಡಿಯೋ ಹಕ್ಕು ಎಡಗಡೆಯವನಿಗೈತಿ," ಎಂದರು ಅಧ್ಯಕ್ಷರು. "ನಿಮಗೆ ಇವನ ಮಾತು ಸಮ್ಮತ ಆದ್ರೆ ಹೇಳ್ರಿ. ಎದ್ದು ಈ ಕಡೆ ಬರ್ರಿ. ಮಣೆ ಖಾಲಿ ಇಡೋಣ."

ವಿದ್ವಾಂಸರು ಏಳಲಿಲ್ಲ. ಶಾಲು ಸರಿಪಡಿಸಿಕೊಂಡು ಅನುವಾದ ಆರಂಭಿಸಿದರು. ಅವರ ಬುದ್ಧಿಯ ಚುರುಕು ನನಗೆ ಅಲ್ಲಿಯೇ ತಿಳಿಯಿತು. ದೀಪದ ಮಾತನ್ನು ಬಿಟ್ಟರು. ನಾನು ಹೇಳದ ಒಂದು ಮಾತನ್ನು ಸೇರಿಸಿದರು. ವಾದದ ಕ್ರಮವನ್ನು ಹಿಂದುಮುಂದು ಮಾಡಿದರು. ಇಂಥ ವಿದ್ವಾಂಸರಿಂದ ಇಂಥ ಕೆಟ್ಟ ಅನುವಾದ ಮರೆವಿನಿಂದ ಆಗುವುದಲ್ಲ. ಮುಗಿಸಿ, ನನ್ನ ಬಾಯಿಯನ್ನೇ ನೋಡುತ್ತ ಕಾದರು. ಗರ್ಭಗುಡಿಯಲ್ಲಿ ಅರ್ಚಕರು ನೈವೇದ್ಯದ ಪಾತ್ರೆಗಳನ್ನು ಜೋಡಿಸುವ ಸದ್ದು ಕೇಳಿಸುತ್ತಿತ್ತು.

'ನ ಸಮ್ಯಕ್.' ನನ್ನ ನಾಲಿಗೆಯ ತುದಿಯಲ್ಲಿ ವರ್ಷಗಳಿಂದ ಕಾದು ಕುಳಿತಿದ್ದ ಆ ಎರಡು ಮಾತು. ಹೇಳುವುದು ನ್ಯಾಯವಾಗಿಯೂ ಇತ್ತು, ಅನುವಾದ ನಿಜವಾಗಿಯೂ ತಪ್ಪಿತ್ತು. ಅವರು ಕಾದಿದ್ದುದೂ ಅದನ್ನೇ. ನಾನು ಒಂದು ಸಲ ಹೇಳಿದರೆ ಅವರು ಇನ್ನೊಂದು ಸಲ ಕೆಡಿಸಿ ಹೇಳುತ್ತಾರೆ. ಗಂಟೆ ಬಾರಿಸುವವರೆಗೆ ಹೀಗೆಯೇ ನಡೆಯುತ್ತದೆ. ಅವರು ನಿರುತ್ತರರಾಗುತ್ತಾರೆ, ನನ್ನ ಮೊದಲ ಸಂಕಲ್ಪ ನೆರವೇರುತ್ತದೆ. ಗುರುಗಳ ಸಿದ್ಧಾಂತ ಮಾತ್ರ ಮತ್ತೆ ಹೇಳದೆಯೇ ಉಳಿಯುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ.

ಸಣ್ಣ ಹಗೆಯನ್ನು ದೊಡ್ಡ ಹಗೆಗೆ ಬಲಿಕೊಟ್ಟೆ.

"ಸಮ್ಯಕ್," ಎಂದೆ. ಅವರ ಹುಬ್ಬು ಮೇಲೇರಿತು. "ಅನುವಾದ ಸರಿಯಾಗಿದೆ. ದೀಪದ ಮಾತೊಂದು ಉಳಿಯಿತು. ಅದನ್ನು ನಾನು ನೆನಪಿಸಬೇಕಾಗಿಲ್ಲ, ದೀಪ ಮೊದಲಿನಿಂದಲೂ ತಮ್ಮದೇ."

ಸಭೆಯಲ್ಲಿ ನಗೆಯ ಅಲೆಯೊಂದು ಹಾದುಹೋಯಿತು. ಅಧ್ಯಕ್ಷರೂ ಉತ್ತರೀಯದಲ್ಲಿ ಬಾಯಿ ಮುಚ್ಚಿಕೊಂಡರು. ವಿದ್ವಾಂಸರ ಕಿವಿ ಕೆಂಪಾಯಿತು. ಅವರೆದುರು ಈಗ ಎರಡೇ ದಾರಿ: ಸೋಲುವುದು ಅಥವಾ ನನ್ನ ಗುರುಗಳಾಗುವುದು. ಅವರು ಕಣ್ಣು ಮುಚ್ಚಿಕೊಂಡರು. ನಾನು ದೇವರ ಕಡೆ ನೋಡಿದೆ. ಅವರ ಅಹಂಕಾರಕ್ಕೆ ಬಲ ಕೊಡು ಎಂದು ಬೇಡಿಕೊಂಡೆ. ಅಂಥ ಪ್ರಾರ್ಥನೆಯನ್ನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಅವರು ಆರಂಭಿಸಿದರು. ಮೊದಮೊದಲು ಮಾತು ಗಾಡಿಯ ಎತ್ತು ಏರು ಹತ್ತುವಂತೆ ಬಂದಿತು. ಆಮೇಲೆ ಒಳಗಿದ್ದ ವಿದ್ವಾಂಸ ಎಚ್ಚೆತ್ತ. ನಾನು ಕಟ್ಟಿದ್ದ ಆಕ್ಷೇಪವನ್ನು ಎತ್ತಿಕೊಂಡರು. ಭಾವದಲ್ಲಿಯೂ ಅಳಿವುಂಟು, ನಿಜ. ಆದರೆ ರಾಜನ ಭಾವ ಬರುವುದು ಎಲ್ಲಿಂದ? ರಾಜವಂಶದಲ್ಲಿ ಹುಟ್ಟಿದವನು ರಾಜನ್ಯ ಮಾತ್ರ, ಇನ್ನೂ ರಾಜನಲ್ಲ. ಅಭಿಷೇಕವಾದ ಮೇಲೆ ರಾಜ. ಅಭಿಷೇಕ ಒಂದು ಕರ್ಮ. ಕರ್ಮದಿಂದ ಹುಟ್ಟುವ ಭಾವ ಕರ್ಮಕ್ಕಿಂತ ಹೇಗೆ ದೊಡ್ಡದಾದೀತು?

ಇದು ಗುರುಗಳು ಹಾಸಿಗೆಯ ಮೇಲೆ ನನಗೆ ಹೇಳಿದ ಉತ್ತರ. ಸ್ವಂತ ಬುದ್ಧಿಯಿಂದ ಇವರೂ ಅಲ್ಲಿಗೆ ತಲುಪಿರಬಹುದು ಎಂದುಕೊಂಡೆ. ಆಗ ಅವರು ಕನ್ನಡದ ಸಾರಕ್ಕೆ ಬಂದರು.

"ಕೆರೀಗೆ ಒಬ್ಬ ನೀರಗಂಟಿ ಇರ್ತಾನ. ತೂಬು ಎತ್ತಿ ಗದ್ದೆ ಗದ್ದೆಗೂ ನೀರು ಹಂಚೋನು. ಅವ ಸತ್ತ ಅಂದ್ರ ಹಂಚೋ ಕೆಲಸ ಸಾಯ್ತದೇನು? ತೂಬು ಯಾರು ಎತ್ತುತಾರೋ ಅವನೇ ನೀರಗಂಟಿ. ಅರಸ ಹೋದ್ರೂ ಹಂಚೋದು ಉಳೀತದ. ಅದಕ್ಕೇ ರಾಜ್ಯ ಅಂತ ಹೆಸರು."

ನೀರಗಂಟಿಯ ದೃಷ್ಟಾಂತ ಯಾವ ಶಾಸ್ತ್ರಗ್ರಂಥದಲ್ಲಿಯೂ ಇಲ್ಲ. ಅದು ಗುರುಗಳದು. ಅವರ ತಾತ ನೀರಿನ ಜಗಳ ಬಿಡಿಸುತ್ತಿದ್ದುದನ್ನು ಕಂಡು ಹೊಳೆದದ್ದೆಂದು ನನಗೆ ಹೇಳಿದ್ದರು. ಅದು ಇವರ ಬಾಯಿಗೆ ಹೇಗೆ ಬಂತು?

ಅದಕ್ಕೆ ಉತ್ತರ ಬಾಗಿಲಲ್ಲಿ ನಿಂತಿತ್ತು. ಗುರುಪತ್ನಿ ಹೋಗಿರಲಿಲ್ಲ. ಹೊಸ್ತಿಲ ಹೊರಗಿನಿಂದ ಈ ಮಾತು ಕೇಳಿ ಒಳಗೆ ಬಂದಿದ್ದರು. ಪದ್ಧತಿ, ಮಡಿ, ಗಂಡಸರ ಸಭೆ ಎಲ್ಲವನ್ನೂ ಮರೆತು ಎಲ್ಲರಿಗೂ ಕೇಳುವಂತೆ ಹೇಳಿದರು:

"ಇದು ನಮ್ಮನೇಲಿ ಊಟಕ್ಕೆ ಕೂತಾಗ ಅವ್ರು ಹೇಳಿದ್ದು! ಸಭೆಯ ಹಿಂದಿನ ದಿನ ಇವ್ರು ಬಂದಿದ್ರು. ನಾನೇ ಬಡಿಸ್ತಾ ಇದ್ದೆ. 'ನಾಳೆ ಇದನ್ನೇ ಹೇಳೋದು' ಅಂತ ಅವ್ರು ನಗ್ತಾ ನಗ್ತಾ ಹೇಳಿದ್ರು."

ಹಾಗಾದರೆ ವಿದ್ವಾಂಸರಿಗೆ ಅಂದೇ ಗೊತ್ತಿತ್ತು. ಉತ್ತರ ಇದೆಯೆಂದು ಗೊತ್ತಿತ್ತು, ತಮ್ಮ ದೀಪ ಅದರೆದುರು ನಿಲ್ಲುವುದಿಲ್ಲವೆಂದೂ ಗೊತ್ತಿತ್ತು. ಆದ್ದರಿಂದಲೇ ಸಹಪಾಠಿಯನ್ನು ಅನುವಾದದ ಮೆಟ್ಟಿಲು ದಾಟಗೊಡಲಿಲ್ಲ. ನಾನು ಅಷ್ಟು ವರ್ಷ ದ್ವೇಷಿಸಿದ್ದು ಅವರ ಗರ್ವವನ್ನು. ದ್ವೇಷಿಸಬೇಕಾಗಿದ್ದುದು ಅವರ ಭಯವನ್ನು.

ವಿದ್ವಾಂಸರು ಬೇಗಬೇಗನೆ ಮುಗಿಸಿದರು. ಸಿದ್ಧಾಂತದ ಕೊನೆಯಲ್ಲಿ ಇದು ಯಾರಿಂದ ಬಂದ ಮತ ಎಂದು ಹೇಳುವುದು ಆ ಸಭೆಯ ಕ್ರಮ. "ಇತಿ ವೃದ್ಧಾಃ," ಎಂದರು. ಹಿರಿಯರು ಹೀಗೆ ಹೇಳುತ್ತಾರೆ ಎಂದು.

ನಾನು ಕೈಮುಗಿದು ಕೇಳಿದೆ: "ಯಾವ ಹಿರಿಯರು?"

ಅವರು ಅಧ್ಯಕ್ಷರ ಕಡೆ ನೋಡಿದರು.

"ಹೇಳ್ರಿ," ಎಂದರು ಅಧ್ಯಕ್ಷರು. "ಪದ್ಧತಿ ಪದ್ಧತೀನೇ."

ವಿದ್ವಾಂಸರು ನನ್ನ ಗುರುಗಳ ಹೆಸರು ಹೇಳಿದರು. ಊರಿನ ಹೆಸರು, ತಂದೆಯ ಹೆಸರು ಸಹಿತ ಹೇಳಿದರು. ದನಿ ಒಡೆದಿತ್ತು. ಸೋತ ಎಡಗಡೆಯವನು ಬಲಗಡೆಯ ಮಣೆಗೆ ನಮಸ್ಕರಿಸಬೇಕು. ಅಷ್ಟು ಸಂತೋಷದಿಂದ ನಾನು ಯಾವ ದೇವರಿಗೂ ಸಾಷ್ಟಾಂಗ ಹಾಕಿಲ್ಲ.

ತಲೆಯೆತ್ತಿದಾಗ ವಿದ್ವಾಂಸರು ಕೈಸನ್ನೆಯಿಂದ ನೀರು ಕೇಳುತ್ತಿದ್ದರು. ಯಾರೋ ಎದ್ದರು. ಅಷ್ಟರಲ್ಲಿ ಗುರುಪತ್ನಿ ನಡುಮಂಟಪಕ್ಕೆ ಬಂದು ಮಣೆಯ ಮುಂದೆ ಆ ಚೊಂಬನ್ನು ಇಟ್ಟರು.

"ಕುಡೀರಿ. ಅವತ್ತು ಅವ್ರಿಗೆ ಅಂತ ತಂದದ್ದು ಇದೇ ಚೊಂಬಲ್ಲಿ. ಮನೆಗೆ ಹೋಗಿ ಗಿಡಕ್ಕೆ ಹೊಯ್ದೆ."

ವಿದ್ವಾಂಸರು ಚೊಂಬು ಎತ್ತಿಕೊಂಡರು. ನೀರು ಗದ್ದದ ಮೇಲೆ, ಶಾಲಿನ ಜರಿಯ ಮೇಲೆ ಸುರಿಯಿತು. ನಿಲ್ಲಿಸಹೋದರು.

"ಪೂರ್ತಿ ಕುಡೀರಿ," ಎಂದರು ಆಕೆ.

ಪೂರ್ತಿ ಕುಡಿದರು. ಆಮೇಲೆ, ಅಷ್ಟು ಹೊತ್ತೂ ಹಗ್ಗ ಹಿಡಿದು ಕಾದಿದ್ದ ಅರ್ಚಕರು ನೈವೇದ್ಯದ ಗಂಟೆ ಬಾರಿಸಿದರು.

ಮರುವರ್ಷ ಅವರು ಮಣೆಗೆ ಬರಲಿಲ್ಲ. ಅಧ್ಯಕ್ಷರು ನನಗೆ ಬಲಗಡೆ ಕೂರಲು ಹೇಳಿಕಳಿಸಿದರು. ನಾನು ಎಡಗಡೆಯೇ ಸಾಕೆಂದೆ. ಆ ಸಭೆಯ ದಿನ ಹಿಂದಿರುಗುವ ಬಸ್ಸಿನಲ್ಲಿ ಗುರುಪತ್ನಿ ಬರಿದಾದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಶಿರಾಳಕೊಪ್ಪ ದಾಟಿದ ಮೇಲೆ, "ನೀನು ಅವ್ರನ್ನ ತೆಗಳ್ದಾಗ ಎದ್ದು ಬಂದು ಕಿವಿ ಹಿಂಡ್ಬೇಕು ಅನ್ನಿಸ್ತು ಮಾಣಿ," ಎಂದರು. "ಈಗಲೂ ಹಿಂಡಬಹುದು," ಎಂದೆ. ನಿಜವಾಗಿಯೂ ಹಿಂಡಿದರು. ಸಾಕಷ್ಟು ನೋವಾಯಿತು.

ಆ ದಿನದಲ್ಲಿ ಪಾಲುಗೊಂಡ ಎಲ್ಲರಿಗೂ ಒಳಿತಾಗಲಿ. ಪದ್ಧತಿ ಕಾದ ಅಧ್ಯಕ್ಷರಿಗೆ, ಶತ್ರುವಿನಂತೆ ಎದುರು ಕುಳಿತು ನನ್ನನ್ನು ಹರಿತಗೊಳಿಸಿದ ಪಂಡಿತರಿಗೆ, ಗಂಟೆಯನ್ನು ತಡೆದ ಅರ್ಚಕರಿಗೆ, ಸಂತೆಯಲ್ಲಿ ನನ್ನ ಅಳುಕು ಕಳೆದ ಜವಳಿಯವರಿಗೆ ಆಯುಸ್ಸು, ಅನ್ನ, ನೆಮ್ಮದಿ ಇರಲಿ. ಗುರುಪತ್ನಿಯವರ ಚೊಂಬು ಎಂದೂ ಬರಿದಾಗದಿರಲಿ. ಶಿಕಾರಿಪುರದ ಆ ವಿದ್ವಾಂಸರಿಗೂ ಪುಣ್ಯಲೋಕ ದೊರೆಯಲಿ. ಅಲ್ಲಿ ನನ್ನ ಗುರುಗಳು ಬಲಗಡೆಯ ಮಣೆಯಲ್ಲಿ, ಇವರು ಎಡಗಡೆ ಕುಳಿತಿರಲಿ. ಗುರುಗಳ ಎದೆ ಹಗುರಾಗಿರಲಿ, ಮಾತು ನಿಧಾನವಾಗಿ ಸಾಗಲಿ. ಕೊನೆಯಕ್ಷರದವರೆಗೂ ಇವರು ಮಣೆ ಬಿಟ್ಟೇಳದೆ ಕೇಳಲಿ. ಅಲ್ಲಿ ಯಾವ ಗಂಟೆಯೂ ಬಾರಿಸದಿರಲಿ.